ಗದ್ದೆಪ್ಪನವರು ತಿದ್ದದ ನಮೂನೆ

ಗದ್ದೆಪ್ಪನವರು ನಿಂತುಕೊಂಡು ಯಾರನ್ನೂ ಪ್ರಶ್ನೆ ಕೇಳಿದವರಲ್ಲ. ರಾಯಚೂರಿನ ಬಿಸಿಲಲ್ಲೂ ಬಿಚ್ಚದ ಬೂದುಬಣ್ಣದ ಕೋಟಿನ ಅಂಚನ್ನು ಮಡಚಿಕೊಂಡು, ಮನೆಯ ಹಿರಿಯರಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತು, ಮಸಿಪೆನ್ನಿನ ಮುಚ್ಚಳ ತೆಗೆಯುವ ಮುನ್ನ ಬಹಳ ಹೊತ್ತು ಅವರ ಮಾತು ಕೇಳುತ್ತಿದ್ದರು. ಹಿರೇಕೊಟ್ನೆಕಲ್ಲಿನ ಕೂಲಿಕಾರರ ಮನೆತನದಲ್ಲಿ ಮೊದಲು ಅಕ್ಷರ ಕಲಿತವರು ಅವರೇ. ೧೯೭೮ರಲ್ಲಿ ಸಂಶೋಧನ ಸಂಸ್ಥೆಯೊಂದು ಮಾನ್ವಿ, ದೇವದುರ್ಗ ತಾಲೂಕುಗಳಲ್ಲಿ ವೃದ್ಧರ ಕುಟುಂಬಜೀವನದ ಸಮೀಕ್ಷೆ ಕೈಗೊಂಡಾಗ, ಮನೆಮನೆ ತಿರುಗಿ ಮಾಹಿತಿ ಬರೆಯುವ ಕೆಲಸಕ್ಕೆ ಗದ್ದೆಪ್ಪನವರೂ ನಾನೂ ಸೇರಿದ್ದೆವು.

ಗಬ್ಬೂರಿನ ಒಂದು ಮನೆಯಲ್ಲಿ ಸೊಸೆ ಹಂಪಮ್ಮ, ಅತ್ತೆ ಮಾನಮ್ಮನತ್ತ ಕೈತೋರಿ, "ನಮ್ಮತ್ತಿದು ಏನೂ ಕೆಲಸಿಲ್ರೀ, ಕುಂತು ಉಣ್ತಾಳ" ಎಂದು ಹೇಳಿ ಕಳೆ ತೆಗೆಯಲು ಹೊಲಕ್ಕೆ ಹೊರಟುಹೋದಳು. "ಹೌದು ಯಪ್ಪಾ, ನಾ ಸುಮ್ನ ಕುಂತೀನಿ" ಎಂದಳು ಮುದುಕಿ. ಹಾಗೆನ್ನುವಾಗಲೂ ಅವಳ ಕೈಗಳು ಜೋಳ ಹಸನು ಮಾಡುತ್ತಿದ್ದವು, ತೊಡೆಯ ಮೇಲೆ ಮೊಮ್ಮಗಳು ನಿದ್ರಿಸುತ್ತಿದ್ದಳು. ಗದ್ದೆಪ್ಪನವರು ಆ ದಿನ ಅಲ್ಲಿಂದ ಏಳಲೇ ಇಲ್ಲ. ಸಂಜೆ ಸೊಸೆ ಮರಳಿದಾಗ, ಮುದುಕಿ ಹೊತ್ತ ನೀರು, ಬಳಿದ ಸಗಣಿ, ಬಡಿದ ರೊಟ್ಟಿ, ರಮಿಸಿದ ಮಗು, ಎಲ್ಲವನ್ನೂ ತಾವು ಗುರುತು ಹಾಕಿಕೊಂಡ ಚೀಟಿಯಿಂದ ನಿಧಾನವಾಗಿ ಓದಿ ಹೇಳಿದರು. ಹಂಪಮ್ಮ ಅತ್ತೆಯ ತೊಡೆಯಿಂದ ಮಗುವನ್ನು ಎತ್ತಿಕೊಂಡಳು. "ಆಕಿ ಮನ್ಯಾಗ ಅದಾಳಂತ ನಾ ಕೂಲಿಗೆ ಹೋಗಾಕತ್ತೀನ್ರೀ" ಎಂದಳು. ಮಾನಮ್ಮ ಕೇಳಿದ್ದು ಒಂದೇ: "ಇದನ್ನ ಕಾಗದದಾಗ ಬರೀತಿಯೇನು, ಯಪ್ಪಾ?"

ಬರೆದರು, 'ದುಡಿಯುವವರು' ಎಂಬ ಕಾಲಂನಲ್ಲಿಯೇ. ಅಂದಿನಿಂದ ಎಲ್ಲ ಮನೆಗಳಲ್ಲೂ ಕಂಡಂತೆಯೇ ಬರೆದರು. ರಾಯಚೂರಿನ ಕಚೇರಿಯಲ್ಲಿ ಮೇಲ್ವಿಚಾರಕರು ಆ ನಮೂನೆಗಳನ್ನು ಮುಂದಿಟ್ಟು, ಸಂಬಳವಿಲ್ಲದ ವೃದ್ಧರೆಲ್ಲ ಅವಲಂಬಿತರೆಂದು ತಿದ್ದಿಕೊಡಲು ಹೇಳಿದರು.

"ಕಣ್ಣಾರೆ ಕಂಡದ್ದು ಬರದೀನ್ರೀ. ತಿದ್ದಂಗಿಲ್ಲ," ಎಂದರು ಗದ್ದೆಪ್ಪನವರು, ದನಿಯೇರಿಸದೆ.

ಮರುವಾರ ಅವರಿಗೆ ಕೆಲಸವಿರಲಿಲ್ಲ. ಅವರ ಇನ್ನೂರಕ್ಕೂ ಮೀರಿದ ನಮೂನೆಗಳನ್ನು ತಿದ್ದಿ, ಹೊಸ ಹಾಳೆಗಳಿಗೆ ಇಳಿಸಿದ ಕೈ ನನ್ನದು.

ಎಂಟು ವರ್ಷಗಳ ಮೇಲೆ ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದ ಅವರನ್ನು ಹುಡುಕಿಕೊಂಡು ಹೋಗಿ ಅದನ್ನು ಒಪ್ಪಿಕೊಂಡೆ. "ಗೊತ್ತಿತ್ರೀ. ನಿಮಗೂ ಹೆಂಡ್ರು ಮಕ್ಕಳು ಅದಾರಲ್ಲ," ಎಂದವರು ಲೆಕ್ಕದ ಪುಸ್ತಕ ಮುಚ್ಚಿ, "ಮಾನಮ್ಮ ಹೋದ ವರ್ಷ ತೀರಿಕೊಂಡ್ಲು. ಮಣ್ಣಿಗೆ ಹೋಗಿದ್ದೆ" ಎಂದರು. ನನಗೆ ಆ ಮುದುಕಿಯ ಮುಖವೂ ಸರಿಯಾಗಿ ನೆನಪಿರಲಿಲ್ಲ.

ಅಚ್ಚಾದ ವರದಿಗಳ ಕೃತಜ್ಞತೆಯ ಪುಟದಲ್ಲಿ ಗದ್ದೆಪ್ಪನವರಂಥವರ ಹೆಸರು ದೊರೆಯುವುದಿಲ್ಲ. ಅಂಕಿಗಳ ಸಾಲಿನಲ್ಲಿ ಅವರ ಸತ್ಯವೂ ಉಳಿಯುವುದಿಲ್ಲ. ಆದರೆ ಜೀವಮಾನವಿಡೀ ದುಡಿದೂ ದುಡಿದೆನೆಂದು ಹೇಳಿಕೊಳ್ಳಲು ಅರಿಯದ ಜನ, ಒಮ್ಮೆಯಾದರೂ ತಮ್ಮ ಬದುಕನ್ನು ಇನ್ನೊಬ್ಬರ ಬಾಯಲ್ಲಿ ಗೌರವದಿಂದ ಕೇಳಿಸಿಕೊಂಡಿದ್ದರೆ, ಅದು ಇಂಥವರು ಅವರ ಹೊಸ್ತಿಲಲ್ಲಿ ಕೂತು ಎದ್ದುಹೋದ ದಿನವೇ.