ತ್ರ್ಯಂಬಕರ ಸ್ವರ

"ಇದ್ರೊಳಗೆ ಒಲೆ ಹಚ್ಚಿದ್ರಾ ಹೇಗೆ?" ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದ ರೇಣುಕಾಪ್ರಸಾದ್ ಕೈಗಂಟಿದ ಮಸಿಯನ್ನು ನೋಡುತ್ತ ಕೇಳಿದ.

ಕೊಪ್ಪದ ಅವನ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಬೇಗಾರಿನ ತ್ರ್ಯಂಬಕರು ತಲೆ ತಗ್ಗಿಸಿದರು. ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನ ತಾಳಮದ್ದಳೆಯಲ್ಲಿ ಅವರು ಪಾತ್ರವಾಗಿ ಅರ್ಥ ಹೇಳಲು ಕೂತರೆ ಎದುರಿನವರು ಬೆವರುತ್ತಿದ್ದ ಕಾಲವೊಂದಿತ್ತು. ಹೋದ ವರ್ಷ ಗಂಟಲಿನ ಆಪರೇಶನ್ ಆದಮೇಲೆ ಸ್ವರವೇ ಹೊರಡುವುದಿಲ್ಲ. ಈಗ ಅವರ ಪರವಾಗಿ ಹೆಂಡತಿ ಶಾರದಾಂಬ ಮಾತಾಡಬೇಕು. ನಲವತ್ತು ವರ್ಷ ಗಂಡನ ಮಾತಿನ ನಡುವೆ ಬಾಯಿ ಹಾಕಲು ಜಾಗ ಸಿಗದಿದ್ದವರು!

"ಥಂಡಿಗೆ ಕೆಡ್ತದೆ ಅಂತ ಮದ್ದಳೆನ ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಇಡ್ತೇವಲ್ಲ ಮಾರಾಯ, ಇವರು ಇದನ್ನೂ ಅಲ್ಲೇ ಇಟ್ರು. ಈಗ ಆನ್ ಮಾಡಿದ್ರೆ ಕಂಪನಿ ಹೆಸರು ತೋರಿಸ್ತದೆ, ಆಫ್ ಆಗ್ತದೆ. ಮತ್ತೆ ಅದೇ ಕಥೆ."

"ಮದ್ದಳೆಗೇನೋ ಸರಿ ಅಮ್ಮ. ಫಾರ್ಮ್ಯಾಟ್ ಮಾಡಿ ಸಂಜೆಗೆ ಕೊಡ್ತೀನಿ. ಒಳಗಿದ್ದದ್ದೆಲ್ಲ ಅಳಿಸಿ ಹೋಗುತ್ತೆ, ಅಷ್ಟೆ."

ತ್ರ್ಯಂಬಕರು ಗಬಕ್ಕನೆ ಅವನ ಮುಂಗೈ ಹಿಡಿದುಕೊಂಡರು.

"ಬೇಡ," ಎಂದರು ಶಾರದಾಂಬ. "ಕಂಪ್ಯೂಟರ್ ಬೇಕಾದ್ರೆ ನೀನೇ ಇಟ್ಕೊ. ಜಗಲಿಯಲ್ಲಿ ಇವರು ಅರ್ಥ ಹೇಳಿದ್ದು ರೆಕಾರ್ಡ್ ಆಗಿರೋದು ಇದೊಂದರಲ್ಲೇ. ನಂಗೆ ಆ ಸ್ವರ ಬೇಕು."

ಹೊರಗಿನವನೆದುರು ಹೀಗೆ ಹೇಳಿಬಿಟ್ಟೆನಲ್ಲ ಎಂದು ಅವರಿಗೇ ನಾಚಿಕೆಯಾಯಿತು. ಒಮ್ಮೆ ಬಾಯಿ ಮುಚ್ಚಿದರೆ ಸಾಕು ಎಂದು ಎಷ್ಟೋ ಸಲ ಗೊಣಗಿದ್ದವರು, ಈಗ ಆ ದನಿಗಾಗಿ ದಿನವೂ ಹಂಬಲಿಸುತ್ತಿದ್ದರು.

ರೇಣುಕಾಪ್ರಸಾದ್ ಹಾರ್ಡ್ ಡಿಸ್ಕ್ ಬಿಚ್ಚಿದ. ಬ್ರಷ್ಷಿನಿಂದ ಮಸಿ ತೆಗೆದು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ಏನೂ ಕಾಣಲಿಲ್ಲ. ಕೇಬಲ್ ಬದಲಿಸಿದ. ಆಗಲೂ ಇಲ್ಲ. ಮೂರನೆಯ ಸಲ ಪರದೆಯ ಮೇಲೆ ಫೋಲ್ಡರುಗಳ ಸಾಲು ಮೂಡಿತು. ಅವನು ಒಂದನ್ನು ಒತ್ತಿದ.

ಚಾಪೆ ಎಳೆದ ಸದ್ದು. ಯಾರೋ ಕೆಮ್ಮಿದರು. ಆಮೇಲೆ ಆ ತುಂಬು ಕಂಠ ಅಂಗಡಿಯನ್ನೆಲ್ಲ ತುಂಬಿತು. ತ್ರ್ಯಂಬಕರ ತುಟಿಗಳು ಅದರೊಡನೆ ಆಡತೊಡಗಿದವು, ಒಂದು ಶಬ್ದವೂ ಹಿಂದೆ ಬೀಳದಂತೆ. ವಾದ ಏರುತ್ತಿದ್ದಂತೆ ದನಿ ತಟ್ಟನೆ ನಿಂತಿತು. ಮತ್ತೆ ರೆಕಾರ್ಡಿನಲ್ಲಿ ಅದೇ ದನಿಯಲ್ಲಿ ಕೇಳಿದ್ದು ಅವರ ಮನೆಯೊಳಗಿನ ಮಾತು:

"ಶಾರದಾ, ಒಂದು ಲೋಟ ಬಿಸಿನೀರು ತಾ ನೋಡುವ."

"ಇರಿ, ಈಗ ತಂದೆ," ಎನ್ನುತ್ತ ಶಾರದಾಂಬ ಆಗಲೇ ಎದ್ದು ಅಂಗಡಿಯ ಬಾಗಿಲವರೆಗೆ ಹೋಗಿದ್ದರು.