ತಪಾಸಣೆಯ ಊಟ

ಗಾಡಿಯಕ್ಕನಿಗೆ ಪರ್ಮಿಟ್ಟಿನಲ್ಲಿ ಬರೆದುಕೊಟ್ಟಿದ್ದ ಜಾಗದಲ್ಲಿ ಈಗ ಒಂದು ಗುಂಡಿಯಿತ್ತು. ನೀರು ನಿಂತು ಹಸಿರುಗಟ್ಟಿದ ಗುಂಡಿ. ಪರ್ಮಿಟ್ಟು ಕೊಟ್ಟ ಕಚೇರಿಯೇ ಪೈಪು ಹಾಕಲು ಅದನ್ನು ಅಗೆಸಿ, ಮುಚ್ಚಿಸುವುದನ್ನು ಮರೆತು ಕೂತಿತ್ತು. ಅವಳು ತನ್ನ ಊಟದ ಗಾಡಿಯನ್ನು ನಾಲ್ಕು ಮಾರು ಆಚೆ ನಿಲ್ಲಿಸಿದಳು. ಅದೇ ಕಚೇರಿಯವರು ಬಂದು, ಒಲೆ ಆರುವ ಮುಂಚೆಯೇ ಗಾಡಿಯನ್ನು ಎಳೆದುಕೊಂಡು ಹೋದರು.

“ಅಲ್ಲಿ ಗುಂಡಿ ಇದೆಯಲ್ಲ ಸಾಹೇಬ್ರೇ, ನಾನೆಲ್ಲಿ ನಿಲ್ಲಿಸ್ಲಿ?” ಎಂದು ಅವಳು ಕಚೇರಿಗೆ ಹೋಗಿ ಕೇಳಿದಳು.

“ಪರ್ಮಿಟ್ಟಲ್ಲಿ ಎಲ್ಲಿ ಅಂತ ಇದೆಯೋ ಅಲ್ಲೇ ನಿಲ್ಲಿಸ್ಬೇಕಮ್ಮ.”

“ಗುಂಡಿ ಒಳಗಾ?”

“ಕಾನೂನು ಹಾಗೇ ಹೇಳುತ್ತೆ,” ಎಂದು ಸಾಹೇಬರು ನಕ್ಕರು. ಅವರು ಯಾರನ್ನೂ ಬೈದವರಲ್ಲ, ದನಿ ಎತ್ತಿದವರಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು. ಬೈಯುವವನನ್ನಾದರೂ ನಂಬಬಹುದು, ಇಂಥವರನ್ನು ನಂಬಬಾರದು. ಅವಳಿಗೆ ಅದು ಆಗ ಗೊತ್ತಿರಲಿಲ್ಲ.

ಗಾಡಿ ಎಂದರೆ ಸಾಮಾನು ಸಾಗಿಸುತ್ತಿದ್ದ ಹಳೆಯ ವ್ಯಾನು. ಗಂಡ ಅದರ ಒಂದು ಮಗ್ಗುಲು ಕತ್ತರಿಸಿ ಕಿಟಕಿ ಮಾಡಿದ್ದ, ಒಳಗೆ ಒಲೆ ಕೂರಿಸಿದ್ದ. ಬಣ್ಣ ಹೊಡೆಯುವುದು ಬಾಕಿಯಿರುವಾಗಲೇ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಬಣ್ಣ ಅವಳೇ ಹೊಡೆದಳು. “ದುಡಿಯೋ ಮಗ ಅಂತ ನನಗಿನ್ನು ಇದೇ ಕಣೇ,” ಎನ್ನುತ್ತ ಅತ್ತೆ ದಿನಾ ಬೆಳಿಗ್ಗೆ ಅದರ ಗಾಜು ಒರೆಸುತ್ತಿದ್ದಳು. ಎರಡು ಹೊಟ್ಟೆಗೆ ಅದೊಂದೇ ಆಧಾರ.

ಕಚೇರಿಯ ಹಿಂದಿನ ಅಂಗಳದಲ್ಲಿ ಹಿಡಿದು ತಂದ ಗಾಡಿಗಳು ಒಂದರ ಮೇಲೊಂದು ಬಿದ್ದು ತುಕ್ಕು ಹಿಡಿಯುತ್ತಿದ್ದವು. ಜೋಳ ಸುಡುವವನ ತಳ್ಳುಗಾಡಿ, ಚಹಾದಜ್ಜಿಯ ಸೈಕಲ್ಲು, ಹಣ್ಣಿನವರ ತಕ್ಕಡಿಗಳು. ಅವುಗಳ ಒಡೆಯರು ದಿನಾ ಬಂದು ಗೋಡೆಯ ನೆರಳಲ್ಲಿ ಕೂರುತ್ತಿದ್ದರು. ಕೂತು ಸಂಜೆ ಎದ್ದು ಹೋಗುತ್ತಿದ್ದರು.

ಗಾಡಿಯಕ್ಕ ಬೇರೆ ಜಾಗ ಕೇಳಿ ಅರ್ಜಿ ಬರೆಸಿ ಕೊಟ್ಟಳು.

“ಕೊಡೋಣಮ್ಮ, ಅದಕ್ಕೇನಂತೆ,” ಎಂದರು ಸಾಹೇಬರು. “ಆದ್ರೆ ತಪಾಸಣೆ ಆಗ್ಬೇಕು. ಒಲೆ ಸರಿಯಿದೆಯಾ, ಅಡುಗೆ ಶುಚಿಯಾಗಿದೆಯಾ, ಎಲ್ಲ ನೋಡ್ಬೇಕು. ನಾಳೆ ಇಲ್ಲೇ ಏನಾದ್ರೂ ಮಾಡಿ ತೋರ್ಸು.”

ಅವಳು ಮನೆಯಿಂದ ಅಕ್ಕಿ, ಬೇಳೆ, ಮೊಟ್ಟೆ ಹೊತ್ತು ತಂದು, ಅಂಗಳದಲ್ಲಿ ನಿಂತಿದ್ದ ತನ್ನ ಗಾಡಿಯಲ್ಲೇ ಒಲೆ ಹಚ್ಚಿದಳು. ಇಡೀ ಕಚೇರಿ ತಪಾಸಣೆಗೆ ಇಳಿದು ಬಂತು. ಸಾಹೇಬರು ಎರಡು ಸಲ ಸಾರು ಹಾಕಿಸಿಕೊಂಡರು.

“ಕೈಯಲ್ಲಿ ರುಚಿ ಇದೆಯಮ್ಮ. ಆದ್ರೆ ಒಂದೇ ದಿನ ನೋಡಿ ಹೇಗೆ ಬರೀಲಿ? ನಾಳೆನೂ ನೋಡೋಣ.”

ನಾಳೆ ಎಂದದ್ದು ವಾರವಾಯಿತು, ವಾರ ತಿಂಗಳಾಯಿತು. ಒಬ್ಬರು ಖಾರ ಕಡಿಮೆಯಿರಲಿ ಎಂದರು, ಇನ್ನೊಬ್ಬರು ಮೊಟ್ಟೆ ಜಾಸ್ತಿಯಿರಲಿ ಎಂದರು. ಗುಮಾಸ್ತ ತನ್ನ ಭಾವಮೈದುನನನ್ನೂ ತಪಾಸಣೆಗೆ ಕರೆತಂದ. ಮನೆಯಲ್ಲಿ ಡಬ್ಬಿಗಳು ತಳ ಕಂಡವು. ಅತ್ತೆ ಗಂಜಿ ಕುಡಿದು ಮಲಗಿದಳು. ಅಂಗಳದ ನೆರಳಲ್ಲಿ ಕೂತವರ ಮೂಗಿಗೆ ಒಗ್ಗರಣೆಯ ವಾಸನೆ ಮಾತ್ರ. ಒಮ್ಮೆ ಚಹಾದಜ್ಜಿಗೆ ಒಂದು ಸೌಟು ಸಾರು ಹಾಕಲು ಹೋದರೆ ಗುಮಾಸ್ತ ಕೈ ತಡೆದ. “ಇದು ಸರ್ಕಾರಿ ತಪಾಸಣೆ ಕಣಮ್ಮ, ಧರ್ಮಛತ್ರ ಅಲ್ಲ.”

ಕೊನೆಗೆ ಅವಳು ಜವಾನನನ್ನು ಕೇಳಿದಳು. “ನನ್ನ ಅರ್ಜಿ ಎಲ್ಲಿವರೆಗೆ ಹೋಯ್ತಣ್ಣ?”

“ಎಲ್ಲಿಗೂ ಹೋಗಿಲ್ಲಕ್ಕ. ಸಾಹೇಬ್ರ ಮೇಜಿನ ಮೇಲೇ ಇದೆ. ಮೇಜಿಗೆ ಕಲೆ ಆಗ್ಬಾರ್ದು ಅಂತ ತಟ್ಟೆನ ಅದರ ಮೇಲಿಟ್ಕೊಂಡು ಉಣ್ತಾರೆ.” ಅವನು ಆಚೀಚೆ ನೋಡಿ ದನಿ ತಗ್ಗಿಸಿದ. “ನಿನ್ನ ಬಿಟ್ರೆ ಮಧ್ಯಾಹ್ನ ಅವರಿಗೆ ಯಾರು ಬೇಯಿಸಿ ಹಾಕ್ತಾರೆ ಹೇಳು? ನಿನ್ನ ಕೈರುಚಿನೇ ನಿನಗೆ ಮುಳುವಾಯ್ತು.”

ಅವಳು ಮನೆಗೆ ಬಂದು ಹೇಳಿದಾಗ ಅತ್ತೆ ಎದ್ದು ಕೂತಳು.

“ಇಷ್ಟೇ ತಾನೆ? ನಾಳೆ ಸಾರಿಗೆ ಎರಡು ಹಿಡಿ ಉಪ್ಪು ಜಾಸ್ತಿ ಸುರಿ. ತಿಂದು ಉಗೀಲಿ. ನಿನ್ನ ಸಹವಾಸವೇ ಬೇಡ ಹೋಗು ಅಂತ ಗಾಡಿ ಬಿಡ್ತಾರೆ.”

“ಉಣ್ಣೋ ಅನ್ನ ಕೆಡಿಸ್ಬಾರ್ದು ಅತ್ತೆ. ನನಗೆ ಕೈ ಬರಲ್ಲ.”

“ಕೈ ಬರಲ್ವಾ? ನಿನ್ನ ಬದುಕು ಕೆಡಿಸೋಕೆ ಅವರಿಗೆ ಕೈ ಬಂತಲ್ಲೇ!”

ಮಾರನೆಯ ದಿನ ಅವಳು ಉಪ್ಪು ಸುರಿದಳು. ಜೀವಮಾನದಲ್ಲಿ ಮೊದಲ ಸಲ. ಸುರಿದು, ಒಲೆಗೆ ಬೆನ್ನು ಹಾಕಿ ನಿಂತು ಅತ್ತಳು.

ಸಾಹೇಬರು ಒಂದು ತುತ್ತು ಬಾಯಿಗಿಟ್ಟರು. ಉಗಿಯಲಿಲ್ಲ. ನುಂಗಿ, ನೀರು ಕುಡಿದು, ಕೈ ಒರೆಸಿಕೊಂಡು ಅವಳನ್ನು ಕರೆಸಿದರು. ತಟ್ಟೆ ಸರಿಸಿ, ಎಣ್ಣೆಯ ಕಲೆ ಕೂತ ಅರ್ಜಿ ಎತ್ತಿಕೊಂಡು, ಬರೆಯುತ್ತಲೇ ಗಟ್ಟಿಯಾಗಿ ಓದಿದರು: “ಆಹಾರವು ಮನುಷ್ಯರು ತಿನ್ನಲು ಯೋಗ್ಯವಲ್ಲ. ಅರ್ಜಿ ತಿರಸ್ಕರಿಸಲಾಗಿದೆ. ವಾಹನವನ್ನು ಹರಾಜು ಹಾಕತಕ್ಕದ್ದು.” ತಿಂಗಳಿಂದ ಅಲುಗದ ಪೆನ್ನು ಒಂದೇ ತುತ್ತಿಗೆ ಓಡಿತು.

“ತಿಂಗಳಿಂದ ಬೆರಳು ನೆಕ್ಕಿ ತಿಂದ್ರಲ್ಲ ಸಾಹೇಬ್ರೇ!”

“ಅದನ್ನೆಲ್ಲ ಎಲ್ಲೂ ಬರೆದಿಲ್ಲವಲ್ಲಮ್ಮ. ಬರೆದಿರೋದು ಇವತ್ತಿಂದು ಮಾತ್ರ.” ಸಾಹೇಬರು ಪೆನ್ನಿಗೆ ಟೋಪಿ ಹಾಕಿದರು. “ಬೇಜಾರು ಮಾಡ್ಕೋಬೇಡ. ಹರಾಜಲ್ಲಿ ಗಾಡಿನ ನಾವೇ ತಗೋತೀವಿ, ಕಚೇರಿ ಕ್ಯಾಂಟೀನಿಗೆ. ಅಡುಗೆಗೆ ನೀನೇ ಬಾ. ಉಪ್ಪು ಮಾತ್ರ ನೋಡ್ಕೊಂಡು ಹಾಕು.”

ಅವಳು ಅಂಗಳಕ್ಕೆ ಬಂದು, ಸಾರು ಚೆಲ್ಲಲು ಪಾತ್ರೆ ಎತ್ತಿದಳು. ಆಗಲೇ ಜವಾನನಿಂದ ಸುದ್ದಿ ತಿಳಿದಿದ್ದ ಜೋಳದವನು ಎದ್ದು ಬಂದ.

“ಚೆಲ್ಲಬೇಡಕ್ಕ. ನನಗೆ ಬಡಿಸು.”

“ಬೇಡ ಕಣಣ್ಣ. ಬಾಯಿಗಿಡೋಕಾಗಲ್ಲ.”

“ಮನುಷ್ಯರು ತಿನ್ನಲ್ಲ ಅಂತ ಬರೆದ್ರಂತಲ್ಲ. ತಿಂತಾರೋ ಇಲ್ವೋ, ಅವರೂ ಕಣ್ಣಾರೆ ನೋಡ್ಲಿ.”

ಅವನು ಸಾಹೇಬರ ಕಿಟಕಿಯ ಕೆಳಗೇ ಕೂತು ಉಂಡ. ಚಹಾದಜ್ಜಿ ತಟ್ಟೆ ಹಿಡಿದು ಬಂದಳು. “ನಾನೂ ಮನುಷ್ಯಳೇ ಅಂತ ಬರ್ಕೊಳ್ಳಿ ಸ್ವಾಮೀ!” ಎಂದು ಕೂಗಿ ಅವನ ಪಕ್ಕ ಕೂತಳು. ಹಣ್ಣಿನವರು ಬಂದರು. ಗೋಡೆಯ ನೆರಳು ಖಾಲಿಯಾಯಿತು. ಎಲ್ಲರ ಕಣ್ಣಲ್ಲೂ ನೀರು, ಮುಖ ಕಿವುಚಿಹೋಗಿತ್ತು. ಆದರೂ ತಟ್ಟೆ ಬಳಿದು ಉಂಡರು.

ಸಾಹೇಬರು ಕಿಟಕಿ ಮುಚ್ಚಿಸಿದರು. ಜವಾನನನ್ನು ಕರೆದು ಮೆಲ್ಲಗೆ ಹೇಳಿದರು. “ಅಂಗಳದ ನೀರು ಬಂದ್ ಮಾಡು.”

ಜವಾನ ತಲೆ ತಗ್ಗಿಸಿಕೊಂಡು ಬಂದು ನೀರು ಬಂದ್ ಮಾಡಿದ. ಅವನಿಗೂ ಹೊಟ್ಟೆಪಾಡು. ಬಿಸಿಲು ಏರಿತು. ಜನರ ನಾಲಿಗೆ ಅಂಟಿಕೊಂಡಿತು. ಚಹಾದಜ್ಜಿ ಖಾಲಿ ನಲ್ಲಿಯ ಬಾಯಿಗೆ ಕೈಯೊಡ್ಡಿ ಕೂತಳು. ಯಾರೂ ಮನೆಗೆ ಹೋಗಲಿಲ್ಲ.

ಗಾಡಿಯನ್ನು ಹರಾಜಿನ ಜಾಗಕ್ಕೆ ಸಾಗಿಸಲು ಕ್ರೇನು ಬಂತು. ಗಾಡಿಯಕ್ಕ ಒಳಗೆ ಹತ್ತಿ ಅಗುಳಿ ಹಾಕಿಕೊಂಡಳು. ಕ್ರೇನು ಮುಂದಿನ ಚಕ್ರಗಳನ್ನು ಮೇಲೆತ್ತಿತು. ಒಳಗೆ ಪಾತ್ರೆಗಳು ಉರುಳಿದವು, ಒಲೆ ಕಿತ್ತು ಬಂತು. ಅವಳು ಗಂಡ ಕತ್ತರಿಸಿದ ಕಿಟಕಿಯ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಅಂಗೈ ಕೊಯ್ದು ರಕ್ತ ಬಂದರೂ ಬಿಡಲಿಲ್ಲ. ಜೋಳದವನು ಎದ್ದು ಹೋಗಿ ಗೇಟಿಗೆ ಅಡ್ಡ ಕೂತ. ಅವನ ಹಿಂದೆ ಎಲ್ಲರೂ ಹೋಗಿ ಕೂತರು.

“ಇಳಿಸ್ರೋ ಅವಳನ್ನ! ಎಳೆದು ಹಾಕ್ರೋ!” ಸಾಹೇಬರು ಅಂಗಳಕ್ಕೆ ಇಳಿದು ಬಂದು ಕಿರುಚಿದರು. ಆ ದನಿಯನ್ನು ಕಚೇರಿಯವರೂ ಅದೇ ಮೊದಲು ಕೇಳಿದ್ದು.

“ತಿಂಗಳಿಡೀ ನನ್ನ ಉಪ್ಪು ತಿಂದಿದ್ದೀರಿ ಸಾಹೇಬ್ರೇ,” ಎಂದು ಅವಳು ಮೇಲಿನಿಂದ ಕೂಗಿ ಹೇಳಿದಳು. “ಉಪ್ಪು ತಿಂದೋರು ನೀರು ಕುಡೀಲೇಬೇಕು. ಕುಡಿಯೋವರೆಗೂ ನಾನು ಇಳಿಯಲ್ಲ.”

ಕ್ರೇನಿನವನು ಸಾಹೇಬರ ಮುಖ ನೋಡಿದ, ಗೇಟಿನ ಕಡೆ ನೋಡಿದ. ಅಲ್ಲಿ ಕೂತವರು ಒಬ್ಬರೂ ಏಳಲಿಲ್ಲ.