ಕಿಟಕಿ ಪಕ್ಕದ ಮೇಜಿನ ಉಯಿಲು

ಈಗಲೇ ಹೋಗಿ ಆ ಚೀಟಿಯನ್ನು ಎತ್ತಿಕೊಂಡುಬಿಟ್ಟರೆ? ಯಾರೂ ನೋಡುವುದಿಲ್ಲ. ನೋಡಿದರೂ, ಒಂದು ಅಕ್ಷರ ತಿದ್ದಬೇಕಿತ್ತು ಅಂದರಾಯಿತು. ಆದರೆ ಅದರ ಬದಲಿಗೆ ಏನು ಬರೆದು ಹಾಕುವುದು? ಬಿಟ್ಟು ಹೋಗುವುದಕ್ಕೆ ಆ ಮೇಜಿನ ಹೊರತು ತನ್ನ ಹತ್ತಿರ ಏನಿದೆ? ಅಷ್ಟಕ್ಕೂ, ತಾನು ಬಿಟ್ಟು ಹೋಗುತ್ತಿದ್ದೇನೆಯೇ?

ಆ ಪ್ರಶ್ನೆ ಬಂದದ್ದೇ ಅವನು ಮೇಜು ಒರೆಸುವುದನ್ನು ನಿಲ್ಲಿಸಿದ. ಒದ್ದೆ ಬಟ್ಟೆ ಕೈಯಲ್ಲೇ ಉಳಿಯಿತು.

ಎಲ್ಲರೂ ಅವನನ್ನು ಮೌನಿ ಎನ್ನುತ್ತಿದ್ದರು. ಕಟ್ಟಡ ವಿನ್ಯಾಸ ಕಲಿಸುವ ಆ ಕಾಲೇಜಿನ ಮೇಲಿನ ಮಹಡಿಯಲ್ಲಿ ಒಂದು ಉದ್ದನೆಯ ಡ್ರಾಯಿಂಗ್ ಹಾಲು. ಅಲ್ಲಿ ಕಿಟಕಿ ಪಕ್ಕದ ಮೇಜು ಅವನದು. ಅದರ ಒಂದು ಕಾಲು ಗಿಡ್ಡ, ಅಡಿಗೆ ಮಡಚಿದ ರಟ್ಟಿನ ತುಂಡು. ಆದರೂ ಹಾಲಿನಲ್ಲಿ ನೆರಳಿಲ್ಲದ ಹದವಾದ ಬೆಳಕು ಬೀಳುತ್ತಿದ್ದದ್ದು ಅದೊಂದರ ಮೇಲೆಯೇ.

ಬೆಳಿಗ್ಗೆ ಮೇಷ್ಟ್ರು ತಮ್ಮ ಕೋಣೆಗೆ ಕರೆಸಿಕೊಂಡಿದ್ದರು. ಅವನ ಕೊನೆಯ ವರ್ಷದ ನಕ್ಷೆಗಳು ಅವರ ಮುಂದೆ ಹರಡಿದ್ದವು: ಆಸ್ಪತ್ರೆಯೊಂದರಲ್ಲಿ ರೋಗಿಗಳ ಮನೆಯವರು ಕಾಯುವ ಕಟ್ಟಡ. ಮೇಷ್ಟ್ರು ಪೆನ್ಸಿಲಿನ ತುದಿಯನ್ನು ಮೆಟ್ಟಿಲುಗಳ ಮೇಲೆ ಓಡಿಸಿ, ಅಡ್ಡ ತೊಲೆಯ ಹತ್ತಿರ ನಿಲ್ಲಿಸಿದರು.

"ಇಲ್ಲಿ ಹತ್ತಿ ಬಂದವನ ತಲೆ ಏನಾಗುತ್ತಯ್ಯಾ?"

ಅವನು ನೋಡಿದ. ತಲೆ ಹೋಗಿ ತೊಲೆಗೆ ಬಡಿಯುತ್ತಿತ್ತು. ಅದು ಎಷ್ಟು ಸ್ಪಷ್ಟವಾಗಿತ್ತೆಂದರೆ ಇಷ್ಟು ದಿನ ತನ್ನ ಕಣ್ಣಿಗೇಕೆ ಬೀಳಲಿಲ್ಲ ಎನ್ನುವುದೇ ಅವನಿಗೆ ಹೊಳೆಯಲಿಲ್ಲ.

"ನಿನ್ನ ಕಟ್ಟಡದಲ್ಲಿ ಬೆಳಕು ಚೆನ್ನಾಗಿ ಓಡಾಡುತ್ತೆ ಕಣಯ್ಯಾ. ಮನುಷ್ಯರು ಓಡಾಡೋಕಾಗಲ್ಲ. ಪರೀಕ್ಷಕರು ಒಪ್ಪಲಿಲ್ಲ. ಇನ್ನೊಂದು ವರ್ಷ ಕೂತು ಹೊಸದಾಗಿ ಮಾಡಬೇಕು." ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಫಲಿತಾಂಶ ಸೋಮವಾರ ಹಾಕ್ತಾರೆ. ಅಲ್ಲೀವರೆಗೂ ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ. ಇವತ್ತು ನಿಮ್ಮ ಹುಡುಗಾಟ ಇದೆಯಲ್ಲ, ಮುಗಿಸಿಕೊಳ್ಳಿ."

ಹುಡುಗಾಟವೆಂದರೆ ಉಯಿಲು ಓದುವುದು. ಓದು ಮುಗಿಸಿ ಹೊರಡುವವರು ಆ ದಿನದ ಮಟ್ಟಿಗೆ 'ಸತ್ತವರು'. ತಾವು ಯಾರಿಗೆ ಏನು ಬಿಟ್ಟು ಹೋಗುತ್ತೇವೆ ಎಂದು ಚೀಟಿಯಲ್ಲಿ ಬರೆದು, ನಕ್ಷೆ ಸುತ್ತಿಡುವ ಉದ್ದನೆಯ ಡಬ್ಬಿಯೊಳಗೆ ಮೊದಲೇ ಹಾಕಿರಬೇಕು. ಆಮೇಲೆ ತಲೆ ಮೇಲೆ ಟ್ರೇಸಿಂಗ್ ಕಾಗದ ಹೊದ್ದು ಸಾಲಾಗಿ ಕೂರಬೇಕು. ಕಿರಿಯರಲ್ಲಿ ಒಬ್ಬರು ಓದುತ್ತಾರೆ. ವಾರಸುದಾರರು ಎದ್ದು ನಿಂತು ಜವಾಬು ಕೊಡಬೇಕು. ಸತ್ತವರು ಮಾತ್ರ ಉಸಿರೆತ್ತುವ ಹಾಗಿಲ್ಲ. ಮಾತಾಡಿದವನು ಬದುಕಿದ್ದಾನೆಂದು ಲೆಕ್ಕ, ಅವನ ಉಯಿಲು ರದ್ದು. ಈ ನಿಯಮವನ್ನು ಯಾರು ಮಾಡಿದರೋ ಯಾರಿಗೂ ಗೊತ್ತಿಲ್ಲ. ಆದರೆ ಹಾಜರಾತಿಗಿಂತ ಕಟ್ಟುನಿಟ್ಟಾಗಿ ನಡೆಯುತ್ತಿದ್ದದ್ದು ಅದೊಂದೇ.

ಮೌನಿ ಹೋದ ವಾರವೇ ತನ್ನ ಚೀಟಿ ಹಾಕಿದ್ದ. ಅವನದಷ್ಟೇ ಅಲ್ಲ, ತರಗತಿಯ ಮುಕ್ಕಾಲು ಪಾಲು ಚೀಟಿಗಳನ್ನು ಬರೆದುಕೊಟ್ಟವನು ಅವನೇ. ಬಾಯಲ್ಲಿ ಎರಡು ಮಾತು ಆಡದವನ ಕೈಯಲ್ಲಿ ಅಷ್ಟು ತಮಾಷೆ ಎಲ್ಲಿಂದ ಬರುತ್ತದೆ ಎಂದು ಎಲ್ಲರಿಗೂ ಬೆರಗು.

"ಅಣ್ಣಾ, ಕಿಟಕಿ ಯಾರಿಗೆ?"

ಗಿಣಿ ಬಂದು ನಿಂತಿದ್ದಳು. ಅವನಿಗಿಂತ ಒಂದು ವರ್ಷ ಕಿರಿಯಳು, ಬಾಯಿಗೆ ಬೀಗವಿಲ್ಲದವಳು. ಈ ಸಲ ಉಯಿಲು ಓದುವ ಕೆಲಸ ಅವಳದೇ.

"ಕಿಟಕಿ ಕಟ್ಟಡದ್ದು," ಎಂದ ಅವನು.

"ಗೊತ್ತು ಮಹರಾಯ್ರೇ. ಮೇಜು?"

"ಓದ್ತೀಯಲ್ಲ, ಆಗ ಗೊತ್ತಾಗುತ್ತೆ."

"ನಮ್ಮ ಕ್ಲಾಸಿನ ಉದ್ದಣ್ಣಂಗೆ ಏನಾದ್ರೂ ಕೊಟ್ಟಿದ್ರೆ ನಿಮ್ಮ ಜೊತೆ ಮಾತು ಬಿಡ್ತೀನಿ."

"ಅದೇ ವಾಸಿ."

ಅವಳು ನಕ್ಕಳು. ಬಲ ಮೊಣಕೈಯನ್ನು ಎಡಗೈಯಿಂದ ಸವರಿಕೊಳ್ಳುತ್ತಿದ್ದಳು, ಅದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಅವಳ ಮೇಜು ಬಾಗಿಲ ಪಕ್ಕದ್ದು. ಬಾಗಿಲು ತೆರೆದಾಗೆಲ್ಲ ಅವಳ ಮೊಣಕೈಗೆ ಬಡಿಯುತ್ತಿತ್ತು. ಈ ವರ್ಷ ನಕ್ಷೆ ಒಪ್ಪಿಸುವ ಹಿಂದಿನ ದಿನ ಯಾರೋ ದಡಕ್ಕನೆ ಒಳಗೆ ನುಗ್ಗಿದಾಗ ಶಾಯಿಯ ಗೆರೆ ಹಾಳೆಯ ಈ ಕೊನೆಯಿಂದ ಆ ಕೊನೆಗೆ ಹರಿದಿತ್ತು. ಅವತ್ತು ಇಡೀ ಹಾಲು ಕೇಳುವಂತೆ ಬೈದವಳು, ಆಮೇಲೆ ಮೆಟ್ಟಿಲಲ್ಲಿ ಒಬ್ಬಳೇ ಕೂತು ಅತ್ತದ್ದನ್ನು ಮೌನಿ ನೋಡಿದ್ದ. ನೋಡಿ, ಸದ್ದಾಗದಂತೆ ವಾಪಸ್ಸು ಬಂದಿದ್ದ.

ಗಿಣಿ ಆಚೆ ಹೋದ ಮೇಲೆ ಅವನು ದಡೂತಿಯ ಹತ್ತಿರ ಹೋದ. ದಡೂತಿ ಅವನ ಹಾಸ್ಟೆಲ್ ಕೋಣೆಯ ಜೊತೆಗಾರ. ಡಬ್ಬಿಯನ್ನು ಮಗುವಿನಂತೆ ಎದೆಗವಚಿಕೊಂಡು ಕೂತಿದ್ದ.

"ಅದನ್ನ ಸ್ವಲ್ಪ ಕೊಡೋ."

"ಯಾಕೆ?"

"ನನ್ನ ಚೀಟೀಲಿ ಒಂದು ತಿದ್ದಬೇಕು."

"ಲೇ, ಸತ್ತ ಮೇಲೆ ಉಯಿಲು ತಿದ್ದೋದುಂಟೇನೋ? ಹೋಗಿ ತೆಪ್ಪಗೆ ಹೊದ್ದುಕೊಂಡು ಕೂತ್ಕೋ." ದಡೂತಿ ಅವನ ಮುಖವನ್ನೇ ನೋಡಿದ. "ಏನೋ, ಮುಖ ಯಾಕೆ ಹಾಗೆ ಬಾಡಿದೆ? ಹೊಟ್ಟೆಗೆ ಏನಾದ್ರೂ ಹಾಕಿದ್ಯಾ?"

ಹೇಳಲು ಅದೊಂದು ಸಂದು. ದಡೂತಿ ಕೇಳಿದರೆ ಗೇಲಿ ಮಾಡುತ್ತಿರಲಿಲ್ಲ. ತಬ್ಬಿಕೊಂಡು, ಬೆನ್ನು ತಟ್ಟಿ, ಇಡೀ ಕಾಲೇಜಿಗೆ ಸಾರಿ, ಪರೀಕ್ಷಕರಿಗೆ ಹಿಡಿಶಾಪ ಹಾಕುತ್ತಿದ್ದ. ಅದನ್ನೆಲ್ಲ ತಡೆದುಕೊಳ್ಳುವಷ್ಟು ತ್ರಾಣ ಮೌನಿಯಲ್ಲಿರಲಿಲ್ಲ.

"ಸುಸ್ತು ಅಷ್ಟೇ," ಎಂದ.

ಟ್ರೇಸಿಂಗ್ ಕಾಗದದೊಳಗಿಂದ ಹಾಲು ಬೇರೆಯೇ ಆಗಿ ಕಾಣುತ್ತಿತ್ತು. ಮುಖಗಳಿಲ್ಲ, ಬರೀ ಬಣ್ಣದ ಆಕಾರಗಳು. ತನ್ನ ಉಸಿರಿಗೆ ಕಾಗದ ಮೆತ್ತಗಾಗುತ್ತಿತ್ತು. ಇಲ್ಲೇ ಹೀಗೇ ಕೂತುಬಿಟ್ಟರೆ ಯಾರಿಗೂ ಏನೂ ವಿವರಿಸಬೇಕಾಗಿಲ್ಲ ಅನ್ನಿಸಿತು.

ಗಿಣಿ ಗಂಟಲು ಸರಿಮಾಡಿಕೊಂಡಳು. "ದಿವಂಗತ ದಡೂತಿಯವರ ಉಯಿಲು. 'ನನ್ನ ಗೊರಕೆಯನ್ನು, ಇಷ್ಟು ವರ್ಷ ಪಕ್ಕದ ಕೋಣೆಯಿಂದ ಗೋಡೆ ಗುದ್ದಿದ ಉದ್ದಣ್ಣನಿಗೆ ಬಿಟ್ಟಿದ್ದೇನೆ. ಇನ್ನು ಮೇಲೆ ಅವನೇ ಹೊಡೆಯಲಿ, ಗೋಡೆ ವಿಶ್ರಾಂತಿ ಪಡೆಯಲಿ.'"

"ಗೊರಕೆ ಬೇಡ, ನಿಮ್ಮ ದಿಂಬು ಬಿಟ್ಟು ಹೋಗಿ!" ಉದ್ದಣ್ಣ ಕೂಗಿದ. ಮೌನಿಯ ಪಕ್ಕದಲ್ಲಿ ದಡೂತಿಯ ಹೊಟ್ಟೆ ನಗು ತಡೆಯಲಾರದೆ ಕುಲುಕುತ್ತಿತ್ತು.

ಇನ್ನೊಬ್ಬಳ ಚೀಟಿ ಬಂತು. "'ಅಜ್ಜಿಗೆ ಹುಷಾರಿಲ್ಲ ಎಂಬ ನನ್ನ ನೆಪವನ್ನು ಎರಡನೇ ವರ್ಷದವರಿಗೆ ಬಿಟ್ಟಿದ್ದೇನೆ. ಅಜ್ಜಿ ಗಟ್ಟಿಮುಟ್ಟಾಗಿದ್ದಾರೆ, ಇನ್ನೂ ಬಹಳ ಕಾಲ ಬಾಳಿಕೆ ಬರುತ್ತಾರೆ.'"

ಹಾಲು ಬಿದ್ದು ಬಿದ್ದು ನಕ್ಕಿತು. ತಾನೇ ಬರೆದ ಸಾಲುಗಳು ಬೇರೆ ಯಾರದೋ ಎನ್ನುವಂತೆ ಮೌನಿ ಕೇಳುತ್ತಿದ್ದ. ಹೋದ ವಾರ ಇವನ್ನೆಲ್ಲ ಬರೆದವನು ಪಾಸಾಗುವವನಿದ್ದ.

"ದಿವಂಗತ ಮೌನಿಯವರ ಉಯಿಲು," ಎಂದಳು ಗಿಣಿ. ಅಲ್ಲಿಗೆ ತಡೆದಳು. ಅವಳು ಮುಂದಿನದನ್ನು ಮನಸ್ಸಿನಲ್ಲೇ ಓದಿಕೊಂಡಳೆಂದು ಅವನಿಗೆ ಗೊತ್ತಾಯಿತು.

ಈಗ ಒಂದು ಮಾತು ಸಾಕು. ಏನಾದರೂ ಸರಿ, ಒಂದು ಕೆಮ್ಮಾದರೂ ಆದೀತು. ಎಲ್ಲರೂ 'ಬದುಕಿದ, ಬದುಕಿದ' ಎಂದು ಕಿರುಚುತ್ತಾರೆ, ಉಯಿಲು ರದ್ದಾಗುತ್ತದೆ, ಮೇಜು ಅವನದಾಗಿಯೇ ಉಳಿಯುತ್ತದೆ. ಸೋಮವಾರ ಕಾರಣ ಎಲ್ಲರಿಗೂ ತಿಳಿಯುತ್ತದೆ. ಆ ಬೆಳಕಿಲ್ಲದೆ ಇನ್ನೊಂದು ವರ್ಷ ಹೇಗೆ ಕೂರುವುದು?

"'ಕಿಟಕಿ ಪಕ್ಕದ ನನ್ನ ಮೇಜನ್ನು, ಅದರ ಕುಂಟುಕಾಲು ಮತ್ತು ಮಧ್ಯಾಹ್ನದ ನಿದ್ದೆ ಸಮೇತ, ಗಿಣಿಗೆ ಬಿಟ್ಟಿದ್ದೇನೆ. ಷರತ್ತು ಒಂದೇ. ದಿನಕ್ಕೆ ಸ್ವಲ್ಪ ಹೊತ್ತಾದರೂ ಬಾಯಿ ಮುಚ್ಚಿಕೊಂಡಿರಬೇಕು.'"

ಯಾರೋ ಶಿಳ್ಳೆ ಹಾಕಿದರು. "ಜವಾಬು! ಜವಾಬು!"

ಕಾಗದದಾಚೆ ಗಿಣಿಯ ಹಸಿರು ಆಕಾರ ಅಲುಗಾಡದೆ ನಿಂತಿತ್ತು. ಆಮೇಲೆ, ಸ್ವಲ್ಪ ಒಡೆದ ದನಿಯಲ್ಲಿ, "ಷರತ್ತು ಅಸಾಧ್ಯ. ಆಸ್ತಿ ಸ್ವೀಕೃತ," ಎಂದಳು.

ಅವನು ಕೆಮ್ಮಲಿಲ್ಲ. ಅದು ಅವಳ ಮೊಣಕೈ ನೆನಪಾದದ್ದಕ್ಕೋ, ಅಥವಾ ಬಾಯಿ ತೆರೆಯುವುದೇ ದೊಡ್ಡ ಕೆಲಸವೆನ್ನಿಸಿದ್ದಕ್ಕೋ, ಅವನಿಗೇ ಆಮೇಲೂ ಬಗೆಹರಿಯಲಿಲ್ಲ.

ಸಂಜೆ ಅಕ್ಕ ಫೋನ್ ಮಾಡಿದಳು. "ಏನೋ, ಗಂಟುಮೂಟೆ ಕಟ್ಟಿದ್ಯಾ? ನಿಮ್ಮ ಭಾವ ಗಾಡಿ ತರ್ತಾರಂತೆ."

"ಗಾಡಿ ಬೇಡಕ್ಕ," ಎಂದು ಅವನು ಸಂಗತಿ ಹೇಳಿದ. ಅವಳಿಗೆ ಹೇಳುವುದು ಸುಲಭವಾಯಿತು. ಆ ಕಡೆ ಅವಳು ತುಳಿಯುತ್ತಿದ್ದ ಹೊಲಿಗೆ ಯಂತ್ರ ನಿಂತದ್ದು ಕೇಳಿಸಿತು.

"ಊಟ ಮಾಡಿದ್ಯಾ?" ಎಂದಳು.

"ಹೂಂ."

"ಸುಳ್ಳು ಹೇಳ್ಬೇಡ. ಹೋಗು, ಮೊದಲು ಊಟ ಮಾಡು."

ರಜೆ ಮುಗಿದು ತರಗತಿ ಶುರುವಾದ ದಿನ ಅವನು ಡ್ರಾಯಿಂಗ್ ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಹಾಲಿಗೆ ಬಂದ. ಖಾಲಿ ಉಳಿದಿದ್ದದ್ದು ಬಾಗಿಲ ಪಕ್ಕದ ಮೇಜೊಂದೇ. ಅದನ್ನು ಗೇಣುದ್ದ ಆಚೆ ತಳ್ಳಿ ನೋಡಿದ. ಗೋಡೆಗೆ ತಾಗಿತು, ಮತ್ತೆ ಈಚೆ ಎಳೆದುಕೊಂಡ.

ಕಿಟಕಿಯ ಹತ್ತಿರದಿಂದ ಗಿಣಿ ಎದ್ದು ಓಡಿ ಬಂದಳು.

"ಅಣ್ಣಾ, ನೋಟಿಸ್ ಬೋರ್ಡಲ್ಲಿ ಫಲಿತಾಂಶ ನೋಡ್ದೆ. ಎಂಥಾ ಅನ್ಯಾಯ! ಪಾಪ, ಅವತ್ತು ನಿಮಗೆ ಗೊತ್ತೇ ಇರಲಿಲ್ಲ ಅಲ್ವಾ? ಗೊತ್ತಿದ್ದಿದ್ರೆ ಮೇಜು ಯಾಕೆ ಬಿಟ್ಟುಕೊಡ್ತಿದ್ರಿ. ಬನ್ನಿ, ಅಲ್ಲಿ ಕೂತ್ಕೊಳ್ಳಿ. ನಾನು ಇಲ್ಲಿಗೇ ಬರ್ತೀನಿ, ನನಗೆ ಅಭ್ಯಾಸ ಇದೆ."

ಅವಳ ಹಾಳೆ ಆಗಲೇ ಕಿಟಕಿಯ ಬೆಳಕಿನಲ್ಲಿ ಹರಡಿತ್ತು. ಅಂಚುಗಳಿಗೆಲ್ಲ ನೀಟಾಗಿ ಟೇಪು ಹಾಕಿದ್ದಳು.

"ಸತ್ತವರಿಗೆ ಆಸ್ತಿ ವಾಪಸ್ ಕೊಡೋ ಪದ್ಧತಿ ಇಲ್ಲ," ಎಂದ ಮೌನಿ. "ಹೋಗು, ಷರತ್ತು ಪಾಲಿಸು."

ಅವಳು ಎರಡು ಹೆಜ್ಜೆ ಹೋದವಳು ತಿರುಗಿ ನೋಡಿದಳು. ಅಷ್ಟರಲ್ಲಿ ಯಾರೋ ಒಳಗೆ ಬಂದರು, ಬಾಗಿಲು ಅವನ ಮೊಣಕೈಗೆ ಬಡಿಯಿತು. ಅವನು ಪೆನ್ಸಿಲು ಎತ್ತಿ ಹಿಡಿದು, ಬಾಗಿಲು ಮುಚ್ಚುವವರೆಗೂ ಕಾದು, ಮೆಟ್ಟಿಲಿನ ಮೊದಲ ಗೆರೆ ಎಳೆದ. ಮೆಟ್ಟಿಲ ಮೇಲೆ ಒಬ್ಬ ಮನುಷ್ಯನನ್ನೂ ಬರೆದ, ತಲೆ ಸಮೇತ.

ಆ ವರ್ಷವಿಡೀ ಅವಳು ಎಷ್ಟೋ ಸಲ ಅವನ ದುರದೃಷ್ಟಕ್ಕೆ ಮರುಗಿದಳು. ಅವತ್ತು ಕಾಗದದ ಕೆಳಗೆ ಕೂತಿದ್ದಾಗ ತನಗೆ ಎಲ್ಲ ಗೊತ್ತಿತ್ತು ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.